ಸಿಗಡಿಯ ಬಿಲ ಮತ್ತು ತಾಮ್ರದ ಹಂಡೆ

ಹುಣಸೆಹಣ್ಣು, ಉಪ್ಪು, ಒದ್ದೆ ತಾಮ್ರ ಬೆರೆತಾಗ ಏಳುವ ಹುಳಿ ವಾಸನೆ ಉಳಿದವರಿಗೆ ಹಬ್ಬದ ಹಿಂದಿನ ದಿನದ ವಾಸನೆ. ನನಗೆ ಅದು ಒಂದು ಸಾವಿನ ವಾಸನೆ. ಕಳೆದ ತಿಂಗಳು ಹಗರಿಬೊಮ್ಮನಹಳ್ಳಿಯ ಮನೆಗೆ ಹೋದಾಗ ಅವ್ವ ಹಿತ್ತಲಿನ ಬಂಡೆಯ ಮೇಲೆ ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ಬೋರಲು ಹಾಕಿ ತಿಕ್ಕುತ್ತಿದ್ದಳು. ಕಪ್ಪಿಟ್ಟ ಮೈಯಿಂದ ಹಸಿರು ಬೆರೆತ ಕೆಂಪು ನೀರು ಹರಿದು ಬಚ್ಚಲಿನ ಕಡೆಗೆ ಹೋಗುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ.

"ಇದನ್ನ ನೀ ತಗೊಂಡು ಹೋಗು. ನಿಮ್ಮಜ್ಜಿ ನಿನಗಂತನ ಇಟ್ಟಿದ್ಲು," ಎಂದಳು ಅವ್ವ. "ತಾಮ್ರದ ನೀರು ಕುಡುದ್ರ ಸಿಟ್ಟು ಇಳೀತೈತಂತ. ನಿನ್ನ ಬರಹ ಓದಿದವ್ರಿಗೆ ಕಣ್ಣು ಉರೀತಾವ ಅಂತ ನಿಮ್ಮಪ್ಪನ ದೋಸ್ತ್ರು ಅಂತಾರ."

ನಾನು ಉತ್ತರ ಕೇಳುವವಳು. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಅದನ್ನೇ. ಬೆಟ್ಟಗಳನ್ನು ಅಗೆದು ಲಾರಿಗೆ ತುಂಬಿದವರನ್ನು, ವಿದ್ಯಾರ್ಥಿನಿಲಯದ ಬಾವಿಯನ್ನು ಹೂಳಿನಲ್ಲಿ ಮುಚ್ಚಿಹೋಗಲು ಬಿಟ್ಟ ಅಧಿಕಾರಿಯನ್ನು ನಾನು ಬರಹದಲ್ಲಿ ಹೆಸರು ಹಿಡಿದು ಕೇಳಿದ್ದೇನೆ. ನಿಮಗೆ ಗೊತ್ತಿತ್ತಲ್ಲವೆ? ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ? ಈ ಎರಡನೆಯ ಪ್ರಶ್ನೆಯನ್ನು ಬರೆಯುವಾಗಲೆಲ್ಲ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಏಕೆ ತಡೆಯುತ್ತದೆ ಎಂಬುದನ್ನು ಈವರೆಗೆ ಎಲ್ಲಿಯೂ ಬರೆದಿಲ್ಲ. ಹಂಡೆಯ ಮುಂದೆ ನಿಂತ ಮೇಲೆ ಬರೆಯದೆ ದಾರಿಯಿಲ್ಲ.

ನಾನು ಪಿಯುಸಿ ಎರಡನೆಯ ವರ್ಷದಲ್ಲಿದ್ದೆ. ಹೊಸಪೇಟೆಯ ಕಡೆಯಿಂದ ಅದಿರಿನ ಲಾರಿಗಳು ಹಗಲೂ ರಾತ್ರಿ ಕರಾವಳಿಯ ಬಂದರುಗಳಿಗೆ ಓಡಲು ಶುರುವಾಗಿದ್ದ ಕಾಲ ಅದು. ಫೋನು ಮಾಡಬೇಕಾದರೆ ಇನ್ನೂ ಬೂತಿಗೆ ಹೋಗಬೇಕಿತ್ತು. ಆ ವರ್ಷದ ಜೂನ್‌ನಲ್ಲಿ ನಮ್ಮ ಕಾಲೇಜಿಗೆ ಜೀವಶಾಸ್ತ್ರ ಕಲಿಸಲು ರವಿಕುಮಾರ್ ಸರ್ ಬಂದರು. ಕಾರವಾರದಲ್ಲಿ ಕಡಲಜೀವಿಗಳ ಮೇಲೆ ಎಂ.ಎಸ್ಸಿ. ಓದಿದವರು, ಸಮುದ್ರವನ್ನು ನಕಾಶೆಯಲ್ಲಿ ಮಾತ್ರ ಕಂಡ ನಮ್ಮೂರಿಗೆ ಸರ್ಕಾರ ಅವರನ್ನು ಹಾಕಿತ್ತು. ನಮ್ಮ ಹಿತ್ತಲಿಗೆ ಅಂಟಿಕೊಂಡ ಎರಡು ಕೋಣೆಯ ಮನೆ ಖಾಲಿ ಇತ್ತು. ಅಪ್ಪನಿಗೆ ಬೀಜ ಗೊಬ್ಬರದ ಅಂಗಡಿ, ಸುತ್ತಲಿನ ತಾಲೂಕುಗಳ ಹಳ್ಳಿಹಳ್ಳಿಯಲ್ಲೂ ಗುರುತು. ಗೋಡೆಯ ಮೇಲೆ ವಚನದ ಕ್ಯಾಲೆಂಡರು ತೂಗುವ, ಕೊರಳಲ್ಲಿ ಲಿಂಗ ಕಟ್ಟಿದ ಮನೆತನ ನಮ್ಮದು. ಲೆಕ್ಚರರ್ ಅಂದಮೇಲೆ ಅಪ್ಪ ಹೆಚ್ಚೇನೂ ಕೇಳಲಿಲ್ಲ. ಕೇಳಿದ್ದು ಒಂದೇ ಸಲ, ಸರ್ ಮತ್ತು ಅವರ ಹೆಂಡತಿ ಸುಜಾತಕ್ಕ ಗಾಜಿನ ದೊಡ್ಡ ತೊಟ್ಟಿಯನ್ನು ಗೋಣಿಚೀಲದಲ್ಲಿ ಸುತ್ತಿ ಇಳಿಸಿದ ದಿನ.

"ಇದು ಯಾತಕ್ಕ ಸರ್?"

"ಮೀನು ಸಾಕಾಕ ರೀ."

ಅಪ್ಪನ ಮುಖ ಬಿಗಿಯಿತು. "ನೋಡ್ರಿ ಸರ್, ನಮ್ಮದು ಶರಣರ ಮನಿ..."

"ತಿನ್ನಾಕಲ್ರಿ ಸಾವ್ಕಾರ್ರ, ನೋಡಾಕ. ಉಪ್ಪುನೀರಿನ ಮೀನು. ಗೋಬಿ ಅಂತಾರ."

"ಬಸ್‌ಸ್ಟ್ಯಾಂಡಿನ್ಯಾಗ ಬಂಡಿಮ್ಯಾಲ ಕೆಂಪಗ ಕರದು ಕೊಡ್ತಾರಲ್ಲ, ಅದನ?"

ಎಲ್ಲರೂ ನಕ್ಕರು. ಆ ನಗೆಯಲ್ಲಿ ಬಾಡಿಗೆ ಕರಾರು ಕುದುರಿತು.

ತೊಟ್ಟಿ ತಯಾರಾಗಲು ಮಳೆಗಾಲ ಪೂರ್ತಿ ಹಿಡಿಯಿತು. ಸಮುದ್ರದ ನೀರು ಬರುತ್ತಿದ್ದದ್ದು ಅದಿರಿನ ಲಾರಿಯಲ್ಲಿ. ಸರ್ ಅವರ ದೊಡ್ಡಪ್ಪನ ಮಗ ಡ್ರೈವರ್. ಬಂದರಿನಲ್ಲಿ ಅದಿರು ಸುರಿದು, ಖಾಲಿ ಲಾರಿಯಲ್ಲಿ ಕ್ಯಾನು ಕ್ಯಾನು ಉಪ್ಪುನೀರು ತುಂಬಿಕೊಂಡು ತಂದು ಕಾಲೇಜಿನ ಗೇಟಿನ ಬಳಿ ಇಳಿಸಿ ಹೋಗುತ್ತಿದ್ದ. ಅಲ್ಲಿಂದ ಸರ್ ಒಂದೊಂದೇ ಕ್ಯಾನನ್ನು ಸೈಕಲ್ಲಿಗೆ ಕಟ್ಟಿ ತಳ್ಳಿಕೊಂಡು ಬರುತ್ತಿದ್ದರು. ನಮ್ಮ ಬೆಟ್ಟವನ್ನು ಕೊಟ್ಟು ಸಮುದ್ರವನ್ನು ಕ್ಯಾನಿನಲ್ಲಿ ತಂದಂತೆ! ಲಾರಿ ನೇರ ಮನೆಯ ಮುಂದೆಯೇ ಬಂದು ನಿಲ್ಲಬಹುದಿತ್ತಲ್ಲ ಎಂದು ನನಗೆ ಅನಿಸಿತ್ತು. ಅಷ್ಟು ದೂರ ಆ ಭಾರವನ್ನು ಏಕೆ ತಳ್ಳುತ್ತಾರೆ ಎಂದು ಮಾತ್ರ ನಾನು ಕೇಳಲಿಲ್ಲ.

ಪಾಚಿ ಹಿಡಿದ ಕಡಲ ಕಲ್ಲುಗಳನ್ನು ಒಂದರ ಮೇಲೊಂದು ಒರಗಿಸಿ ಸರ್ ತೊಟ್ಟಿಯೊಳಗೆ ಒಂದು ದಿಬ್ಬ ಕಟ್ಟಿದರು. ಹವಳ ಬೇಡವೆ ಎಂದರೆ, "ಅದನ್ನ ಮುಟ್ಟೂ ಹಂಗಿಲ್ಲ, ಕಾನೂನೈತಿ," ಎಂದರು. ಕಲ್ಲಿನ ಮೈಮೇಲೆ ಅಂಗಿಯ ಗುಂಡಿಗಳಂತಹ ಹಸಿರು ಹೂಜೀವಿಗಳು ಬೆಳಗಿನಲ್ಲಿ ಅರಳಿ ಸಂಜೆಗೆ ಮುಚ್ಚಿಕೊಳ್ಳುತ್ತಿದ್ದವು. ದೀಪಾವಳಿಯ ಹೊತ್ತಿಗೆ ಗೆಳೆಯರೊಬ್ಬರು ಕರಾವಳಿಯಿಂದ ಎರಡು ಪಾಲಿಥಿನ್ ಚೀಲ ಕಳಿಸಿದರು. ಒಂದರಲ್ಲಿ ಬೆರಳುದ್ದದ ಹಳದಿ ಮೀನು, ಕಪ್ಪೆಯಂತೆ ಮೇಲೆದ್ದ ಕಣ್ಣುಗಳು, ಸದಾ ಬೇಸರಗೊಂಡಂತಹ ಬಾಯಿ. ಇನ್ನೊಂದರಲ್ಲಿ ಒಂದು ಸಿಗಡಿ. ಇಕ್ಕಳದಂತಹ ಅದರ ಕೊಂಡಿಗಳಲ್ಲಿ ಒಂದು ಸಣ್ಣದು, ಇನ್ನೊಂದು ಮೈಗೆ ಮೀರಿದಷ್ಟು ದಪ್ಪ.

ಸಿಗಡಿಗೆ ಕಣ್ಣು ಕಾಣುವುದಿಲ್ಲವೆಂದೇ ಹೇಳಬೇಕು. ಆದರೆ ಬಿಲ ತೋಡುವುದು ಅದೇ. ಮರಳನ್ನು ಕೊಂಡಿಯಲ್ಲಿ ತಬ್ಬಿ, ಕಟ್ಟಡದ ಕೂಲಿಯವರು ಬುಟ್ಟಿ ಹೊತ್ತಂತೆ ಹೊರಗೆ ತಂದು ಸುರಿದು, ತಿರುಗಿ ಒಳಗೆ ಹೋಗುತ್ತದೆ. ಮೀನಿಗೆ ಕಣ್ಣಿದೆ, ತೋಡಲು ಕೈಯಿಲ್ಲ. ಅದು ಬಿಲದ ಬಾಯಿಯಲ್ಲಿ ಕುಳಿತು ಕಾಯುತ್ತದೆ. ಸಿಗಡಿ ಹೊರಗೆ ಬಂದಾಗಲೆಲ್ಲ ತನ್ನ ಉದ್ದ ಮೀಸೆಯೊಂದನ್ನು ಮೀನಿನ ಮೈಮೇಲೆ ಇಟ್ಟೇ ಇರುತ್ತದೆ. ನೆರಳು ಸುಳಿದರೆ ಮೀನು ಬಾಲ ಅದುರಿಸುತ್ತದೆ. ಅದುರಿದ್ದೇ ತಡ, ಸಿಗಡಿ ಒಳಗೆ. ಒಂದು ಮಧ್ಯಾಹ್ನ ಪೂರ್ತಿ ನೋಡಿದೆ, ಆ ಮೀಸೆ ಆ ಮೈಯನ್ನು ಬಿಟ್ಟದ್ದನ್ನು ಕಾಣಲಿಲ್ಲ.

ನನ್ನ ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಅಷ್ಟೆ. ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ಹಿತ್ತಲು ದಾಟಿ ದಿನವೂ ಮಧ್ಯಾಹ್ನ ಸುಜಾತಕ್ಕನ ಮನೆಗೆ ಬರುವಳು. ತೊಟ್ಟಿಯ ಮುಂದೆ ಚಾಪೆ ಹಾಕಿ ಕೂರುವಳು. ನಾನು ನೋಡಿ ಹೇಳಬೇಕು, ಅವಳು ಕೇಳಬೇಕು. ಸಿಗಡಿ ಕೊಂಡಿಯನ್ನು ಚಟ್ಟನೆ ಮುಚ್ಚಿದಾಗ ಬೆಂಕಿಕಡ್ಡಿ ಮುರಿದಂತಹ ಸದ್ದು ಗಾಜಿನಾಚೆಗೂ ಕೇಳುತ್ತಿತ್ತು. ಅದಕ್ಕೆ ಮಾತ್ರ ಅಜ್ಜಿಗೆ ನನ್ನ ಹಂಗು ಬೇಕಿರಲಿಲ್ಲ.

"ಕೇಳ್ದ್ಯಾ? ಚಿಟಿಕಿ ಹೊಡದ್ಲು! ಕಣ್ಣಿಲ್ದಿದ್ರೂ ಎಷ್ಟು ಧಿಮಾಕು ನೋಡು ನನ್ನ ಗೆಣತಿಗೆ."

"ನಿಮ್ಮಂಗನ ರೀ ಅಜ್ಜಿ," ಎನ್ನುತ್ತಿದ್ದಳು ಸುಜಾತಕ್ಕ, ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು ನಗುತ್ತ.

"ಹೌದು ಬಿಡವಾ. ನನಗೂ ಒಂದು ಕಾವಲು ಮೀನು ಐತಲ್ಲ," ಎಂದು ಅಜ್ಜಿ ನನ್ನ ಬೆನ್ನಿಗೊಂದು ಗುದ್ದು ಕೊಡುವಳು.

ಬಹುಶಃ ಅವರು ಬಂದ ಎರಡನೆಯ ತಿಂಗಳಲ್ಲಿರಬೇಕು, ಸುಜಾತಕ್ಕ ಏನೋ ತರಲು ಒಳಕೋಣೆಗೆ ಕಳಿಸಿದಾಗ ಅಲ್ಲಿನ ಗೋಡೆಯ ಮೇಲೆ ಎರಡು ಪಟ ಕಂಡೆ. ಒಂದು ಬುದ್ಧನದು. ಇನ್ನೊಂದು ನೀಲಿ ಕೋಟು ತೊಟ್ಟು ಕನ್ನಡಕ ಹಾಕಿದವರದು. ಮುಂದಿನ ಕೋಣೆಯಲ್ಲಿ ಒಂದು ಪಟವೂ ಇರಲಿಲ್ಲ. ಆ ವಯಸ್ಸಿಗೂ ನನಗೆ ಅರ್ಥವಾಯಿತು. ಮನೆಯಲ್ಲಿ ಹೇಳಲಿಲ್ಲ. ಹೇಳದೆ ಉಳಿದದ್ದನ್ನು ನನ್ನ ದೊಡ್ಡ ಗುಣವೆಂದು ಭಾವಿಸಿ ಒಳಗೊಳಗೇ ಬೀಗಿದೆ. ಒಬ್ಬ ಅಧ್ಯಾಪಕ ತನ್ನದೇ ಮನೆಯಲ್ಲಿ ತನ್ನ ಗೌರವದ ಪಟವನ್ನು ಒಳಗೋಡೆಗೆ ತೂಗಬೇಕಾಗಿ ಬಂದದ್ದು ನಮ್ಮ ಮನೆಯ ಕಾರಣಕ್ಕೆ ಎಂದು ಆಗ ಹೊಳೆಯಲಿಲ್ಲ. ಗುಟ್ಟು ಕಾಯುವುದಕ್ಕೂ ಪಕ್ಕದಲ್ಲಿ ನಿಲ್ಲುವುದಕ್ಕೂ ವ್ಯತ್ಯಾಸವಿದೆ ಎಂದು ಯಾವ ಪಠ್ಯವೂ ಹೇಳಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಬಿಸಿಲು ನಮ್ಮ ಕಡೆ ಬರುವುದಿಲ್ಲ, ಎರಗುತ್ತದೆ. ತಂಬ್ರಹಳ್ಳಿಯ ಕಡೆಯಿಂದ ಬರುವ ಗಾಳಿ ಒಲೆಯ ಬಾಯಿಂದ ಬಂದಂತಿರುತ್ತಿತ್ತು. ನೀರು ಕಾದರೆ ಮೀನು ಉಳಿಯುವುದಿಲ್ಲವೆಂದು ಸರ್ ತೊಟ್ಟಿಯ ಮೇಲೆ ಟೇಬಲ್ ಫ್ಯಾನು ಕಟ್ಟಿದರು, ಸುತ್ತ ಒದ್ದೆ ಗೋಣಿ ಹೊದಿಸಿದರು. ಕರೆಂಟು ಹೋದಾಗ ನೀರಿಗೆ ಗಾಳಿ ಊದಲು ಹಳೆಯ ಟ್ರ್ಯಾಕ್ಟರ್ ಬ್ಯಾಟರಿಗೆ ಜೋಡಿಸಿದ ಸಣ್ಣ ಪಂಪಿತ್ತು. ಫ್ಯಾನಿನ ಗಾಳಿಗೆ ನೀರು ತಂಪಾಗುತ್ತಿತ್ತು, ಆದರೆ ದಿನವೂ ಆವಿಯಾಗಿ ಇಳಿಯುತ್ತಿತ್ತು. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಇಳಿದಷ್ಟಕ್ಕೆ ಸಿಹಿನೀರು ತುಂಬಬೇಕು. ನಮ್ಮ ಬೋರಿನ ನೀರು ಸುಣ್ಣದ ತಿಳಿ. ಪಾತ್ರೆಯಲ್ಲಿ ಬಿಳಿ ಚಕ್ಕೆ ಕಟ್ಟುವಂಥದು. ಸರ್ ಮಳೆಗಾಲದಲ್ಲಿಯೇ ತಾರಸಿಯ ನೀರನ್ನು ಸೋಸಿ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಹಿಡಿದಿಟ್ಟಿದ್ದರು. ಏಪ್ರಿಲ್ ಹೊತ್ತಿಗೆ ಉಳಿದದ್ದು ಒಂದೇ ಡ್ರಮ್ಮು. ತಾರಸಿಯ ಮೇಲೆ, ನಮ್ಮ ಕುಡಿಯುವ ನೀರಿನ ಟ್ಯಾಂಕಿನ ಪಕ್ಕದಲ್ಲಿ, ಬಾಯಿಗೆ ಬಿಳಿ ಪಂಚೆ ಹೊದಿಸಿ ಸೈಕಲ್ ಟ್ಯೂಬಿನಿಂದ ಬಿಗಿದು ನಿಲ್ಲಿಸಿದ್ದರು. ಎಂಟು ತಿಂಗಳಿಂದ ಅದು ಅಲ್ಲಿಯೇ ಇತ್ತು. ಯಾರಿಗೂ ತೊಂದರೆ ಇರಲಿಲ್ಲ.

ನನ್ನ ಪರೀಕ್ಷೆ ಮುಗಿಯಿತು. ಸುಜಾತಕ್ಕ ಹೆರಿಗೆಗೆ ತವರಿಗೆ ಹೋದಳು. ಸರ್ ಅವರಿಗೆ ಮೌಲ್ಯಮಾಪನಕ್ಕೆ ದಾವಣಗೆರೆಗೆ ಹೋಗಲು ಆದೇಶ ಬಂತು. ಹೊರಡುವ ಹಿಂದಿನ ಸಂಜೆ ಅವರು ನನ್ನನ್ನು ಕರೆದು ತೊಟ್ಟಿಯ ಗಾಜಿಗೆ ಅಂಟಿಸಿದ ಪ್ಲಾಸ್ಟರ್ ಪಟ್ಟಿ ತೋರಿಸಿದರು.

"ಉಮಾ, ದಿನಾ ಸಂಜಿ ಈ ಗೆರೀ ತನಕ ತುಂಬು. ಡ್ರಮ್ಮಿನ ನೀರು ಮಾತ್ರ. ಏನರ ಅನುಮಾನ ಬಂದ್ರ ಏನೂ ಹಾಕಬ್ಯಾಡ, ನನಗ ಫೋನ್ ಮಾಡು." ಒಂದು ಚೀಟಿಯಲ್ಲಿ ಕೇಂದ್ರದ ನಂಬರು ಬರೆದುಕೊಟ್ಟರು. "ತಪ್ಪಾದ್ರ ತಪ್ಪಾತು ಅಂತ ಹೇಳು. ಮೀನಿಗೆ ಸುಳ್ಳು ಹೇಳಾಕ ಬರಂಗಿಲ್ಲ, ಅದರ ಮುಂದ ನಾವೂ ಹೇಳಬಾರದು."

ಆ ಮಾತು ಮುಗಿಯುವಷ್ಟರಲ್ಲಿ ಓಣಿಯಲ್ಲಿ ಲಾರಿ ನಿಂತ ಸದ್ದು. ಕಾಲೇಜಿಗೆ ಬೀಗ ಬಿದ್ದಿದ್ದರಿಂದ ಡ್ರೈವರು ಕ್ಯಾನು ಹಿಡಿದು ವಿಳಾಸ ಕೇಳುತ್ತ ಮನೆಗೇ ಬಂದಿದ್ದ. ಅದಿರಿನ ಕೆಂಪು ಧೂಳು ಹುಬ್ಬಿನ ಮೇಲೆಯೂ ಕೂತ, ದೊಡ್ಡ ದನಿಯ ಆಳು. ಕಟ್ಟೆಯ ಮೇಲಿದ್ದ ಅಪ್ಪ ಅವನನ್ನು ಕೂರಿಸಿ ಚಹಾ ಕೊಡಿಸಿದರು.

"ಯಾವೂರಾತಪ್ಪ ನಿಮ್ಮದು?"

"ಹಲವಾಗಲು ರೀ, ಹರಪನಹಳ್ಳಿ ತಾಲೂಕು. ಹೊಳಿ ದಂಡಿಮ್ಯಾಲ."

"ನನಗ ಗೊತ್ತಿಲ್ಲೇನು! ವರ್ಷಾ ಬೀಜ ಕೊಡಾಕ ಬರ್ತೀನಿ. ಯಾರ ಪೈಕಿ?"

"ಕೇರ್ಯಾಗಿನವ್ರು ರೀ. ಡಂಗುರ ಸಾರ್ತಿದ್ನಲ್ಲ ಮೈಲಪ್ಪ, ಅವನ ಮಗ ನಾನು, ದುರುಗಪ್ಪ. ನಿಮ್ಮ ಈ ಸಾಹೇಬ್ರು ನಮ್ಮ ಕಾಕನ ಮಗ. ನಮ್ಮ ಕೇರಿಗೇ ಮೊದಲನೇ ಎಂ.ಎಸ್ಸಿ. ನೋಡ್ರಿ!"

ಅವನು ಹೇಳಿದ್ದು ಎದೆಯುಬ್ಬಿಸಿ. ಸರ್ ಬಾಗಿಲಲ್ಲಿ ನಿಂತಿದ್ದರು. ಅವರ ಮುಖದಲ್ಲಿ ಕೋಪವಾಗಲಿ ಅಂಜಿಕೆಯಾಗಲಿ ಇರಲಿಲ್ಲ. ದೂರದ ಹಾದಿ ಸೈಕಲ್ ತಳ್ಳಿದವನ ಆಯಾಸವೊಂದಿತ್ತು. ಆಗ ನನಗೆ ತಿಳಿಯಿತು, ಇಷ್ಟು ದಿನ ಕ್ಯಾನುಗಳು ಕಾಲೇಜಿನ ಗೇಟಿನಲ್ಲಿಯೇ ಏಕೆ ಇಳಿಯುತ್ತಿದ್ದವು ಎಂದು.

"ಹೌದಾ," ಎಂದರು ಅಪ್ಪ. "ಚಲೋ ಆತು. ಚಾ ಕುಡೀರಿ, ಆರ್ತೈತಿ."

ದನಿ ಒಂದಿಷ್ಟೂ ಏರಲಿಲ್ಲ. ನಮ್ಮಂತಹ ಮನೆಗಳಲ್ಲಿ ಏರುವುದೂ ಇಲ್ಲ. ಬೈದಿದ್ದರೆ ಸಾಕ್ಷಿ ಉಳಿಯುತ್ತಿತ್ತು, ಕೇಳುವವರು ಕೇಳಬಹುದಿತ್ತು. ಈ ನಯವಿದೆಯಲ್ಲ, ಅದು ಕೈಗೆ ಸಿಗುವುದಿಲ್ಲ.

ಮರುದಿನ ನಸುಕಿನ ಬಸ್ಸಿಗೆ ಸರ್ ಹೋದರು. ಆ ಸಂಜೆ ನಾನು ಡ್ರಮ್ಮಿನಿಂದ ನೀರು ತಂದು ಗೆರೆಯವರೆಗೆ ತುಂಬಿದೆ. ಅದರ ಮಾರನೆಯ ಸಂಜೆ ತಾರಸಿಗೆ ಹತ್ತಿದರೆ ಡ್ರಮ್ಮು ಬೋರಲಾಗಿ ಬಿದ್ದಿತ್ತು. ಪಂಚೆಯ ತುಂಡು ಮೂಲೆಯಲ್ಲಿ ಮುದ್ದೆಯಾಗಿತ್ತು. ಎಂಟು ತಿಂಗಳು ಕಾಯ್ದ ಮಳೆ ಕಾದ ತಾರಸಿಯ ಮೇಲೆ ಕಲೆಯಾಗಿಯೂ ಉಳಿದಿರಲಿಲ್ಲ.

ಓಡಿ ಇಳಿದೆ. ಅಪ್ಪ ಅಂಗಡಿಗೆ ಹೊರಟಿದ್ದರು.

"ಅಪ್ಪಾ, ಸರ್ ಅವರ ಡ್ರಮ್ಮು..."

"ಸೊಳ್ಳಿ ಆಗಿದ್ವು. ಮಲೇರಿಯಾ ಇಲಾಖೆಯವ್ರು ನೀರು ನಿಲ್ಲಸಬ್ಯಾಡ್ರಿ ಅಂತ ಹೇಳಿ ಹೋಗ್ಯಾರ. ಚೆಲ್ಲಿಸಿದೆ."

ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿದಿತ್ತು; ಸೊಳ್ಳೆ ಹೋಗುವುದಾದರೂ ಹೇಗೆ? ಇದನ್ನು ನಾನು ಕೇಳಲಿಲ್ಲ. ಮತ್ತೊಂದನ್ನೂ ಕಂಡಿದ್ದೆ. ಪಕ್ಕದ ನಮ್ಮ ಕುಡಿಯುವ ನೀರಿನ ಟ್ಯಾಂಕನ್ನೂ ಬರಿದು ಮಾಡಿ, ಒಳಗೆಲ್ಲ ತೊಳೆಸಿ, ಹೊಸ ನೀರು ಏರಿಸಿದ್ದರು. ಅದರಲ್ಲೂ ಸೊಳ್ಳೆಯಿತ್ತೆ? ಎಂಟು ತಿಂಗಳು ಎರಡು ನೀರು ಪಕ್ಕಪಕ್ಕದಲ್ಲಿ ನಿಂತಿದ್ದವು. ಚಹಾ ಕುಡಿಯುತ್ತ ಹೇಳಿದ ಒಂದು ಊರಿನ, ಒಂದು ಕೇರಿಯ ಹೆಸರು ಎರಡನ್ನೂ ಖಾಲಿ ಮಾಡಿಸಿತು. ಅವ್ವನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎರಡು ದಿನ ನೀರು ಹಾಕಲಿಲ್ಲ. ಹಾಕಲು ನೀರಿರಲಿಲ್ಲ. ಗೆರೆಯಿಂದ ಮೂರು ಬೆರಳು ಕೆಳಗಿಳಿದು, ಗಾಜಿನ ಅಂಚಿಗೆ ಬಿಳಿ ಉಪ್ಪು ಹರಳುಗಟ್ಟಿತು. ಹೂಜೀವಿಗಳು ಹಗಲಿನಲ್ಲೂ ಅರಳಲಿಲ್ಲ. ಮೂರನೆಯ ದಿನ ಚೀಟಿ ಹಿಡಿದು ಬಸ್‌ಸ್ಟ್ಯಾಂಡಿನ ಹತ್ತಿರದ ಬೂತಿಗೆ ಹೋದೆ. ಬೂತಿನ ಚನ್ನಪ್ಪ ಅಪ್ಪನ ಪರಿಚಯದವನು.

"ಏನವಾ, ರಿಸಲ್ಟ್ ಬರೂಕಿಂತ ಮೊದಲ ಮಾಸ್ತರಿಗೆ ಫೋನ್ ಹಚ್ಚಾಕ ಹತ್ತೀಯಲ್ಲ," ಎಂದು ನಕ್ಕ.

ಗಾಜಿನ ಗೂಡಿನೊಳಗೆ ಹೋಗಿ ನಂಬರು ಒತ್ತಿದೆ. ಆ ಕಡೆ ಗಂಟೆ ಹೊಡೆಯತೊಡಗಿತು. ಏನು ಹೇಳಬೇಕು? ನೀರಿಲ್ಲ ಸರ್. ಏಕೆ ಇಲ್ಲ? ಚೆಲ್ಲಿದರು. ಯಾರು? ಅಲ್ಲಿಯವರೆಗೆ ಮಾತು ಹೋಗುತ್ತದೆ. ಹೋದಮೇಲೆ ಅಪ್ಪನ ಹೆಸರು ಬಾಯಿಂದ ಬರಲೇಬೇಕು. ಆ ಕಡೆ ಯಾರೋ ಎತ್ತಿ "ಹಲೋ" ಎಂದರು. ನಾನು ಫೋನು ಇಟ್ಟೆ. "ಎಂಗೇಜ್ ಐತಿ," ಎಂದು ಚನ್ನಪ್ಪನಿಗೆ ಹೇಳಿ ಬಂದೆ. ಆ ಬೇಸಿಗೆಯ ಮೊದಲ ಸುಳ್ಳು ಅದು.

ಮಧ್ಯಾಹ್ನ ಅಜ್ಜಿ ತೊಟ್ಟಿಯ ಮುಂದೆ ಕುಳಿತು ಕೈ ಚಾಚಿ ಗಾಜು ಸವರಿದಳು. ಅಂಚಿನ ಉಪ್ಪು ಬೆರಳಿಗೆ ಹತ್ತಿತು.

"ಬತ್ತಾಕ ಹತ್ತೈತೇನಲೇ?"

"ಡ್ರಮ್ಮಿನ ನೀರು ಖಾಲಿ ಆತಜ್ಜಿ."

"ಅದಕ್ಯಾಕ ಮಾರಿ ಸಣ್ಣದು ಮಾಡ್ತಿ? ನಮ್ಮ ಹಂಡೇದ ಹಾಕು. ಮೊನ್ನಿ ಮಳಿ ಬಂದಾಗ ಸೂರಿನ ನೀರು ಹಿಡದು ಇಟ್ಟೇನಿ, ಕುಡಿಯಾಕ ಅಂತ. ತಾಮ್ರದಾಗ ನಿಂತದ್ದು, ಬಂಗಾರದಂಥ ನೀರು. ನನ್ನ ಗೆಣತಿಗಿಂತ ಹೆಚ್ಚೇನು ನನಗ?"

ಮಾರ್ಚಿನ ಕೊನೆಯಲ್ಲೊಂದು ಅಡ್ಡಮಳೆ ಬಿದ್ದದ್ದು ನಿಜ. ಮಳೆಯ ನೀರು ಎಂದೊಡನೆ ನನ್ನ ಎದೆ ಹಗುರಾಯಿತು. ಡ್ರಮ್ಮಿನಲ್ಲಿದ್ದದ್ದೂ ಮಳೆಯೇ, ಹಂಡೆಯಲ್ಲಿರುವುದೂ ಮಳೆಯೇ. ಇನ್ನು ಫೋನು ಮಾಡಬೇಕಿಲ್ಲ, ಯಾರ ಹೆಸರನ್ನೂ ಹೇಳಬೇಕಿಲ್ಲ. ನಮ್ಮ ಮನೆಯಲ್ಲಿ ತಾಮ್ರವೆಂದರೆ ಶುದ್ಧ. ಹುಟ್ಟಿದಂದಿನಿಂದ ಕೇಳಿದ ಮಾತು. ಹಂಡೆಯನ್ನು ಅಜ್ಜಿ ತಿಂಗಳಿಗೆರಡು ಸಲ ಹುಣಸೆಹಣ್ಣು ಹಾಕಿ ತಿಕ್ಕಿಸುತ್ತಿದ್ದಳು, ಒಳಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಚೆಂಬಿನಿಂದ ಚೆಂಬಿಗೆ ನಾನು ಸುರಿದೆ, ಅಜ್ಜಿ ಗಾಜಿನ ಮೇಲೆ ಕೈಯಿಟ್ಟು ನೀರು ಏರುವ ಸದ್ದು ಕೇಳುತ್ತಿದ್ದಳು. ಆ ದಿನ ಗೆರೆ ಮುಟ್ಟಿತು. ಮುಂದಿನ ನಾಲ್ಕು ಸಂಜೆಯೂ ಮುಟ್ಟಿತು.

ಐದನೆಯ ದಿನ ಬೆಳಿಗ್ಗೆ ಸಿಗಡಿ ಬಿಲದಿಂದ ಹೊರಗೆ, ಬಟ್ಟಬಯಲಿನಲ್ಲಿತ್ತು. ಮೀಸೆ ಮೀನಿನ ಮೈಮೇಲಿರಲಿಲ್ಲ. ನಡೆಯಲು ಹೋಗಿ ಒಂದು ಮಗ್ಗುಲಿಗೆ ವಾಲುವುದು, ಮತ್ತೆ ಏಳುವುದು. ಮೀನು ಅದರ ಹತ್ತಿರ ಹೋಗಿ ಮೈ ತಾಗಿಸಿ ಬಿಲದ ಕಡೆ ತಿರುಗುತ್ತಿತ್ತು, ಸಿಗಡಿ ತಿರುಗಲಿಲ್ಲ. ಸಂಜೆಗೆ ಅದು ಮರಳಿನ ಮೇಲೆ ಅಂಗಾತವಾಗಿ ಬಿದ್ದಿತ್ತು, ದೊಡ್ಡ ಕೊಂಡಿ ಅರ್ಧ ತೆರೆದಿತ್ತು. ಎರಡು ದಿನದಲ್ಲಿ ತೋಡುವವರಿಲ್ಲದೆ ಬಿಲದ ಮಾಡು ಕುಸಿಯಿತು. ಮೀನು ಮಾತ್ರ ಕುಸಿದ ಗುಂಡಿಯ ಮುಂದೆ ಅದೇ ಜಾಗದಲ್ಲಿ ಬಾಲ ಒಳಗೆ ಚಾಚಿ ಕುಳಿತಿತ್ತು. ನನ್ನ ನೆರಳು ಗಾಜಿನ ಮೇಲೆ ಬಿದ್ದಾಗಲೆಲ್ಲ ಬಾಲ ಅದುರಿಸುತ್ತಿತ್ತು. ಹಿಂದೆ ಯಾರೂ ಇರಲಿಲ್ಲ. ಆದರೂ ಅದುರಿಸುತ್ತಿತ್ತು.

ಸರ್ ಹನ್ನೊಂದನೆಯ ದಿನ ಮಧ್ಯಾಹ್ನ ಬಂದರು. ನನ್ನನ್ನು ಕರೆದಾಗ ಅವರು ತೊಟ್ಟಿಯ ಮುಂದೆ ಮೊಣಕಾಲೂರಿ ಕುಳಿತಿದ್ದರು.

"ಹೆಂಗಾತು ಉಮಾ?"

"ಕರೆಂಟ್ ಬಾಳ ಹೊತ್ತು ಹೋಗಿತ್ತು ಸರ್. ಬ್ಯಾಟರಿನೂ ಇಳದಿತ್ತು."

"ನೀರು?"

"ನಿಮ್ಮ ಡ್ರಮ್ಮಿಂದನ ಸರ್."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆಗಲೇ ನನ್ನ ಕಣ್ಣಿಗೆ ಅವರ ಕೈ ಬಿದ್ದದ್ದು. ಡ್ರಮ್ಮಿನ ಬಾಯಿಗೆ ಕಟ್ಟಿದ್ದ ಪಂಚೆಯ ತುಂಡು ಅವರ ಕೈಯಲ್ಲಿತ್ತು, ನಾಲ್ಕು ಮಡಿಕೆ ಮಾಡಿ ಹಿಡಿದಿದ್ದರು. ನನ್ನನ್ನು ಕರೆಯುವ ಮೊದಲೇ ಅವರು ತಾರಸಿಗೆ ಹೋಗಿ ಬಂದಿದ್ದರು.

ಹಿಂದಿನಿಂದ ಗೋಡೆ ಸವರುವ ಸದ್ದಾಯಿತು. ಅಜ್ಜಿ ಒಬ್ಬಳೇ ದಾರಿ ಹುಡುಕಿಕೊಂಡು ಬಂದಿದ್ದಳು.

"ಸರ್ ಬಂದ್ರೇನು? ನಿಮ್ಮ ನೀರು ಮುಗದಿತ್ತಪ್ಪ. ನಾವೇನು ಬತ್ತಾಕ ಬಿಡ್ಲಿಲ್ಲ ನೋಡ್ರಿ, ನಮ್ಮ ತಾಮ್ರದ ಹಂಡೇದು ಹಾಕೇವಿ. ಹೆಂಗದಾಳ ನನ್ನ ಗೆಣತಿ? ಯಾಕ ಚಿಟಿಕಿ ಹೊಡಿಯಾಕ ಒಲ್ಲಳು?"

ತಾಮ್ರವೆಂದೊಡನೆ ಸರ್ ಕಣ್ಣು ಮುಚ್ಚಿಕೊಂಡರು. ಒಂದು ಉಸಿರಿನಷ್ಟು ಹೊತ್ತು. ನಂತರ ಎದ್ದು, ಅಜ್ಜಿಯ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದರು.

"ಚಲೋ ಮಾಡಿದ್ರಿ ಅಜ್ಜಿ. ಬಿಲದಾಗ ಅದಾಳ. ಮಲಗ್ಯಾಳ."

"ಮಲಗ್ಲಿ ಬಿಡು. ಬಿಸಿಲು ಬಾಳ."

ಅಜ್ಜಿ ಅಲ್ಲಿಯೇ ಕುಳಿತು ಕಿವಿಗೊಟ್ಟು ಕಾಯ್ದಳು. ನಾನು ನಿಂತೇ ಇದ್ದೆ. ಸರ್ ಬಿಳಿ ಬಟ್ಟೆಯನ್ನು ಮೇಜಿನ ಮೇಲಿಟ್ಟು, ನನಗೆ ಮಾತ್ರ ಕೇಳುವಂತೆ, "ಕರೆಂಟ್ ಹೋಗಿರಬೇಕು," ಎಂದರು.

ಬೈಗುಳಕ್ಕೆ ನಾನು ಸಿದ್ಧಳಿದ್ದೆ. ನನ್ನ ಸುಳ್ಳನ್ನು ಅವರು ಎತ್ತಿಕೊಂಡು, ಧೂಳು ಒರೆಸಿ, ನನಗೇ ಮರಳಿ ಕೊಟ್ಟರು. ಇಂದಿಗೂ ಅದು ನನ್ನ ಕೈಯಲ್ಲಿದೆ.

ಸಿಗಡಿಗಳ ಪಾಲಿಗೆ ತಾಮ್ರವೇ ವಿಷವೆಂದು, ಮೀನು ತಾಳಿಕೊಳ್ಳುವ ಪ್ರಮಾಣವನ್ನು ಅವು ತಾಳವೆಂದು ಅವರು ಹೇಳಿದ್ದು ಒಂದು ವಾರದ ನಂತರ, ಪಾಠ ಮಾಡುವ ದನಿಯಲ್ಲಿ. ಹುಣಸೆಯ ಹುಳಿಗೆ ತಾಮ್ರ ಕರಗುತ್ತದೆ. ತಿಕ್ಕಿ ಹೊಳೆಸಿದಷ್ಟೂ ಹೆಚ್ಚು ಬಿಡುತ್ತದೆ. ಇನ್ನೊಂದು ಸಿಗಡಿ ತಂದರಾಗದೆ ಎಂದು ಕೇಳಿದೆ. "ಆಗಂಗಿಲ್ಲ. ಕಲ್ಲು, ಮರಳು ಅದನ್ನ ಕುಡದು ಬಿಟ್ಟಾವ. ನೀರು ಎಷ್ಟು ಸಲ ಬದಲಿ ಮಾಡಿದ್ರೂ ವರ್ಷಗಟ್ಟಲೆ ಒಳಗಿಂದ ಬರ್ತನ ಇರ್ತೈತಿ," ಎಂದರು. ತಾರಸಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೇ ಮುಗಿಯುವುದರೊಳಗೆ ಅಪ್ಪ, "ನಮ್ಮ ತಮ್ಮ ಕೊಟ್ಟೂರಿಂದ ಬರಾವ ಅದಾನ ಸರ್, ಮನಿ ಬೇಕಾಗೈತಿ," ಎಂದರು. ಅದೂ ನಯವಾಗಿಯೇ. ಚಿಕ್ಕಪ್ಪ ಬರಲಿಲ್ಲ, ಆ ಕೋಣೆಗಳಲ್ಲಿ ಅಂದಿನಿಂದ ಗೊಬ್ಬರದ ಚೀಲಗಳಿವೆ. ಸರ್ ಹಡಗಲಿಗೆ ವರ್ಗ ಮಾಡಿಸಿಕೊಂಡರು. ಹೊರಡುವ ದಿನ ದುರುಗಪ್ಪನ ಲಾರಿ ಅದಿರು ತುಂಬಿಕೊಂಡು ಬಂದರಿಗೆ ಹೊರಟಿತ್ತು. ಮೀನನ್ನು ಬಂದ ಕಡಲಿಗೇ ಬಿಡುವುದೆಂದು ಕ್ಯಾನಿನಲ್ಲಿ ಹಾಕಿ ಅವನ ಸೀಟಿನ ಪಕ್ಕ ಇಟ್ಟರು. ಈ ಸಲ ಅವನು ಕಟ್ಟೆಯ ಮೇಲೆ ಕೂರಲಿಲ್ಲ. "ನನ್ನ ಬಾಯಿನ ಹಾಳು ಬಾಯಿ," ಎಂದಷ್ಟೇ ಸರ್ ಅವರಿಗೆ ಹೇಳಿದ. ತನ್ನ ತಂದೆಯ ಹೆಸರು ಹೇಳಿದ್ದಕ್ಕೆ ಒಬ್ಬ ಮನುಷ್ಯ ಕ್ಷಮೆ ಕೇಳುತ್ತಿದ್ದ. ಕೇಳಬೇಕಾದವರು ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ಕೇಳಬೇಕಾದ ಇನ್ನೊಬ್ಬಳು, ನಾನು, ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಅಜ್ಜಿಗೆ, ಮೀನು ಸಿಗಡಿ ಎರಡನ್ನೂ ಕಡಲಿಗೆ ಕಳಿಸಿದರು ಎಂದು ಹೇಳಿದೆ. ಅವಳು ಅದನ್ನೇ ನಂಬಿ ಎರಡು ವರ್ಷದ ನಂತರ ತೀರಿಕೊಂಡಳು. ಹಡಗಲಿ ನಮ್ಮೂರಿಗೆ ಒಂದು ಬಸ್ಸಿನ ದಾರಿ. ನಾನು ಹೋಗಲಿಲ್ಲ. ಓದಲು ಹೋದೆ, ಬರೆಯಲು ಕಲಿತೆ, ಊರಿನವರನ್ನೆಲ್ಲ ಕಟಕಟೆಗೆ ಕರೆದೆ.

ಕಳೆದ ತಿಂಗಳು, ಅವ್ವ ಹಂಡೆ ತೊಳೆದು ನೆರಳಿಗಿಟ್ಟ ಮೇಲೆ, ಜಗುಲಿಯಲ್ಲಿದ್ದ ಅಪ್ಪನ ಮುಂದೆ ಕುಳಿತು ಕೇಳಿದೆ.

"ಆ ಡ್ರಮ್ಮಿನ ನೀರು ಯಾಕ ಚೆಲ್ಲಿಸಿದ್ರಿ?"

ಯಾವ ಡ್ರಮ್ಮು ಎಂದು ಅವರು ಕೇಳಲಿಲ್ಲ. ಇಷ್ಟು ವರ್ಷಗಳ ಮೇಲೂ ಕೇಳಲಿಲ್ಲ.

"ಸೊಳ್ಳಿ ಆಗಿದ್ವು ಅಂತ ಅವತ್ತ ಹೇಳಿದ್ನಲ್ಲ."

"ನಮ್ಮ ಟ್ಯಾಂಕಿನ್ಯಾಗೂ ಆಗಿದ್ವೇನು?"

ಅಪ್ಪ ಕನ್ನಡಕ ತೆಗೆದರು. ಒರೆಸಿದರು. ಮುದುಕರಾಗಿದ್ದರು.

"ನನ್ನ ಕೇಳ್ತಿ. ಕೇಳು, ಬ್ಯಾಡನ್ನಂಗಿಲ್ಲ. ನೀ ಬೂತಿಗೆ ಹೋಗಿ ಸುಮ್ನ ಬಂದಿಯಂತ, ಚನ್ನಪ್ಪ ಹೇಳಿದ್ದ. ನಂಬರ್ ಹತ್ತಿತ್ತಂತ, ಆಕಡೆ ಮಾತಾಡಿದ್ರಂತ. ನೀ ಯಾಕ ಇಟ್ಟಿ?"

ಅದು ತಪ್ಪಿಸಿಕೊಳ್ಳುವ ಮಾತೆಂದು ನನಗೆ ಗೊತ್ತು. ಅವರ ಉತ್ತರ ಇನ್ನೂ ಬಾಕಿಯಿದೆ, ಅದನ್ನು ನಾನು ಬಿಡುವವಳಲ್ಲ. ಆದರೆ ಪ್ರಶ್ನೆ ಸರಿಯಾಗಿತ್ತು.

ಸರ್ ಅವರ ಮೊಬೈಲ್ ನಂಬರು ಹಳೆಯ ಸಹಪಾಠಿಯೊಬ್ಬಳಿಂದ ಸಿಕ್ಕು ಎರಡು ವರ್ಷವಾಗಿತ್ತು. ತಾರಸಿಗೆ ಹತ್ತಿದೆ. ಬಿಸಿಲಿಗೆ ಬಣ್ಣ ಕಳೆದುಕೊಂಡ ಡ್ರಮ್ಮು ಟ್ಯಾಂಕಿನಿಂದ ಬಹುದೂರ, ಇನ್ನೊಂದು ಮೂಲೆಯಲ್ಲಿ ಬೋರಲಾಗಿಯೇ ಇತ್ತು. ಅದರ ಪಕ್ಕ ನಿಂತು ನಂಬರು ಒತ್ತಿದೆ. ಎತ್ತಿದ್ದು ಒಂದು ಹುಡುಗಿಯ ದನಿ, ಆ ಬೇಸಿಗೆಯಲ್ಲಿ ಹುಟ್ಟಿದವಳಿರಬೇಕು.

"ಪಪ್ಪಾ ಒಳಗ ಅದಾರ. ಯಾರಂತ ಹೇಳ್ಲಿ?"

"ಉಮಾ ಅಂತ ಹೇಳು. ಹಗರಿಬೊಮ್ಮನಹಳ್ಳಿಯ ಉಮಾ."

ಚಪ್ಪಲಿಯ ಸದ್ದು ದೂರ ಹೋಯಿತು. ನನ್ನ ಹೆಸರು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ದಾಟಿದ್ದು ಕೇಳಿಸಿತು. ಫೋನನ್ನು ಯಾರೋ ಕೈಗೆತ್ತಿಕೊಂಡದ್ದು ತಿಳಿಯಿತು, ಉಸಿರು ತಿಳಿಯಿತು. ಅವರು ಹಲೋ ಎನ್ನುವುದನ್ನು ನಾನು ಕಾಯಲಿಲ್ಲ.

"ಸರ್, ಡ್ರಮ್ಮಿನ್ಯಾಗ ನೀರಿಲ್ಲ. ನಮ್ಮಪ್ಪ ಚೆಲ್ಲಿಸ್ಯಾರ. ನಾನು ಏನು ಹಾಕಲಿ?"